ನಮ್ಮ ಮಳೆ ಲೆಕ್ಕವನ್ನು ಯಾರೂ ಯಾಕೆ ನಂಬೋದಿಲ್ಲ?

ಮೂರು ವರ್ಷದ ಹಿಂದೆ, ಜುಲೈ ಕೊನೆಯಲ್ಲಿ ನಮ್ಮೂರ ಸೊಸೈಟಿ ಮಹಡಿ ಮೇಲೆ ಬೆಳೆ ವಿಮೆ ಬಗ್ಗೆ ಒಂದು ಸಭೆ ಇತ್ತು. ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ, ಅದರ ಮೇಲೆ ಕಾಳುಮೆಣಸು. ಆ ವರ್ಷ ಕೊಳೆ ಜೋರಾಗಿತ್ತು. ಮದ್ದು ಹೊಡೆಯೋಕೆ ಕೊನೆಗಾರ ಸಿಕ್ಕ ದಿನ ಮಳೆ, ಮಳೆ ಬಿಟ್ಟ ದಿನ ಕೊನೆಗಾರ ಇಲ್ಲ. ತೋಟದಲ್ಲಿ ಕಾಲಿಟ್ಟರೆ ಉದುರಿದ ಹಸಿ ಕಾಯಿ ಮೇಲೇ ನಡೀಬೇಕಿತ್ತು. ಎಲ್ಲರಿಗೂ ಸಿಟ್ಟು. ಪಂಚಾಯ್ತಿ ಮಳೆ ಮಾಪಕ ತೋರಿಸಿದ ಲೆಕ್ಕ ಕಮ್ಮಿ, ನಾವು ಕಂಡ ಮಳೆ ಜಾಸ್ತಿ ಅಂತ ಜನ ಮಾತಾಡ್ತಿದ್ದರು.

ನಾನು ಎದ್ದು ನಿಂತೆ. ನನ್ನ ಹತ್ತಿರ ಪುಸ್ತಕ ಇತ್ತಲ್ಲ! ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಮಳೆ ಬರೆದಿಡ್ತೀವಿ. ಪಂಚಾಯ್ತಿ ಲೆಕ್ಕಕ್ಕಿಂತ ನನ್ನ ಪುಸ್ತಕದ ಲೆಕ್ಕ ಸುಮಾರು ಕಾಲು ಭಾಗ ಹೆಚ್ಚಿತ್ತು. ದಿನಾಂಕ ಸಮೇತ ಓದಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಬಂದಿದ್ದ ಅಧಿಕಾರಿ ಸಮಾಧಾನವಾಗಿ ಮೂರು ಪ್ರಶ್ನೆ ಕೇಳಿದರು. "ನಿಮ್ಮ ಮಾಪಕದ ಬಾಯಿ ಎಷ್ಟು ಅಗಲ? ಎಲ್ಲಿ ಇಟ್ಟಿದ್ದೀರಿ? ದಿನಾ ಎಷ್ಟು ಗಂಟೆಗೆ ನೋಡ್ತೀರಿ?"

ನನಗೆ ಒಂದಕ್ಕೂ ಸರಿ ಉತ್ತರ ಗೊತ್ತಿರಲಿಲ್ಲ. "ಮಳೆ ಮಳೆಯೇ ಸಾರ್, ಅದಕ್ಕೆ ಬಾಯಿ ಯಾಕೆ?" ಅಂತ ಗಟ್ಟಿ ದನಿಯಲ್ಲಿ ಹೇಳಿ ಕೂತೆ. ಜನ ನಕ್ಕರು. ಆದರೆ ಒಳಗೆ ಏನೋ ಚುಚ್ಚಿತು.

ಈ ವಾರದ ಬರಹ ಆ ಮೂರು ಪ್ರಶ್ನೆಗಳ ಬಗ್ಗೆ. ಅವಕ್ಕೆ ಉತ್ತರ ಇಲ್ಲದ ಮಳೆ ಲೆಕ್ಕ, ಅದು ನನ್ನದಿರಲಿ ಸರ್ಕಾರದ್ದಿರಲಿ, ಬರೀ ಅಂಕಿ ಅಷ್ಟೇ, ಪುರಾವೆ ಅಲ್ಲ. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಗ್ಲಾಸು ಒಡೆದ ಕಥೆ

ಅಜ್ಜನ ಮಾಪಕ ಹಳೆ ಕಾಲದ್ದು. ಕೊಪ್ಪ ಕಡೆಯ ಕಾಫಿ ತೋಟದ ಪರಿಚಯದವರು ಕೊಟ್ಟಿದ್ದು. ಬಾಯಿ 5 ಇಂಚು ಅಗಲ. ಜೊತೆಗೆ ಗಾಜಿನ ಅಳತೆ ಗ್ಲಾಸು. ಕಾಫಿ ತೋಟದವರ ಹಾಗೆ ಅಜ್ಜನೂ ಇಂಚು-ಸೆಂಟು ಲೆಕ್ಕದಲ್ಲೇ ಬರೀತಿದ್ದರು. ಗೊತ್ತಿಲ್ಲದವರಿಗೆ ಹೇಳ್ತೀನಿ: 100 ಸೆಂಟು ಸೇರಿದರೆ 1 ಇಂಚು, 1 ಇಂಚು ಅಂದರೆ 25.4 ಮಿ.ಮೀ.

ಆ ಗ್ಲಾಸು ನನ್ನ ಕೈಯಲ್ಲೇ ಬಿದ್ದು ಒಡೀತು. ಆನ್‌ಲೈನ್‌ನಲ್ಲಿ ಹೊಸ ಪ್ಲಾಸ್ಟಿಕ್ ಗ್ಲಾಸು ತರಿಸಿದೆ. ಮಿ.ಮೀ. ಗೆರೆ ಇದ್ದದ್ದು. "ಈಗ ಎಲ್ಲರೂ ಮಿ.ಮೀ. ತಾನೇ" ಅಂತ ಅದರಲ್ಲೇ ಅಳೆದು ಬರೆಯೋಕೆ ಶುರು ಮಾಡಿದೆ.

ಸಭೆಯ ಮಾರನೇ ದಿನ ನಮ್ಮೂರಿನ ನಿವೃತ್ತ ವಿಜ್ಞಾನದ ಮೇಷ್ಟ್ರು ಮನೆಗೆ ಬಂದರು. ಕಾಫಿ ಕುಡಿದು, ಅಂಗಳಕ್ಕೆ ಹೋಗಿ, ಮಾಪಕದ ಬಾಯಿಗೆ ಸ್ಕೇಲು ಹಿಡಿದರು. ಆಮೇಲೆ ಗ್ಲಾಸು ತಿರುಗಿಸಿ ಅದರ ತಳದ ಸಣ್ಣ ಅಕ್ಷರ ಓದಿದರು. "ಮಾರಾಯ, ಇದರ ಬಾಯಿ ಒಂದು ಅಳತೆ, ಗ್ಲಾಸು ಇನ್ನೊಂದು ಮಾಪಕದ್ದು. ನೀನು ಸೇರಿನಲ್ಲಿ ಅಳೆದು ಪಾವಿನ ಲೆಕ್ಕ ಬರೆದಿದ್ದೀಯ" ಅಂದರು.

ಲೆಕ್ಕ ಸುಲಭ, ಒಮ್ಮೆ ಮಾಡಿ ನೋಡಿ. 5 ಇಂಚಿನ ಬಾಯಿ ಅಂದರೆ 12.7 ಸೆಂ.ಮೀ. ಅಗಲ, ಅದರ ವಿಸ್ತೀರ್ಣ ಸುಮಾರು 126.7 ಚದರ ಸೆಂ.ಮೀ. ಅಲ್ಲಿ 1 ಮಿ.ಮೀ. ಮಳೆ ಬಿದ್ದರೆ ಡಬ್ಬಿಯಲ್ಲಿ 12.67 ಮಿ.ಲೀ. ನೀರು ಸೇರುತ್ತೆ. ನಾನು ತರಿಸಿದ ಗ್ಲಾಸು 100 ಚದರ ಸೆಂ.ಮೀ. ಬಾಯಿಯ ಮಾಪಕಕ್ಕೆ ಮಾಡಿದ್ದು. ಅದರಲ್ಲಿ 10 ಮಿ.ಲೀ.ಗೆ 1 ಮಿ.ಮೀ. ಗೆರೆ. ಅಂದರೆ ನಾನು ಬರೆದ ಪ್ರತಿಯೊಂದು ಅಂಕಿಯೂ ನಿಜವಾದ ಮಳೆಗಿಂತ ಶೇ 27ರಷ್ಟು ಜಾಸ್ತಿ!

ಇದು ಸಣ್ಣ ತಪ್ಪು ಅನ್ಕೋಬೇಡಿ. ಹವಾಮಾನ ಇಲಾಖೆ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ "ಭಾರಿ ಮಳೆ". ನಿಜವಾಗಿ 55 ಮಿ.ಮೀ. ಬಿದ್ದಿದ್ದರೆ ನನ್ನ ಗ್ಲಾಸು ಸುಮಾರು 70 ತೋರಿಸ್ತಿತ್ತು. ಸಾಧಾರಣ ಮಳೆ ನನ್ನ ಪುಸ್ತಕದಲ್ಲಿ ಭಾರಿ ಮಳೆ ಆಗಿ ಕೂತಿತ್ತು. ನಾನು ಸುಳ್ಳು ಹೇಳಿರಲಿಲ್ಲ, ಆದರೆ ಹೇಳಿದ್ದು ಸುಳ್ಳಾಗಿತ್ತು.

ಒಂದು ವಿಷಯ ಮಾತ್ರ ನನ್ನ ಮಾನ ಉಳಿಸಿತು. ಗ್ಲಾಸಿನ ಬಿಲ್ಲು ಅದೇ ಪುಸ್ತಕದ ಒಳಗೆ ಸಿಕ್ಕಿಸಿ ಇಟ್ಟಿದ್ದೆ. ಯಾವ ತಾರೀಖಿನಿಂದ ಗ್ಲಾಸು ಬದಲಾಯ್ತು ಅಂತ ಗೊತ್ತಾಯ್ತು. ಆ ದಿನದಿಂದ ಮುಂದಿನ ಎಲ್ಲ ಅಂಕಿಯನ್ನೂ 1.267ರಿಂದ ಭಾಗಿಸಿದರೆ ಲೆಕ್ಕ ಸರಿ. ಆ ಒಂದು ಚೀಟಿ ಇಲ್ಲದಿದ್ದರೆ ಅಷ್ಟೂ ವರ್ಷದ ಬರಹ ಒಲೆಗೆ ಹಾಕಬೇಕಿತ್ತು.

ಸಮುದ್ರದಲ್ಲೂ ಇದೇ ಕಥೆ

ಹಳ್ಳಿಯವರು ನಾವು ಮಾತ್ರ ಹೀಗೆ ಅಂತ ಬೇಸರ ಮಾಡ್ಕೋಬೇಡಿ. ಜಗತ್ತಿನ ದೊಡ್ಡ ದೊಡ್ಡ ದಾಖಲೆಗಳಲ್ಲೂ ಇದೇ ಆಗಿದೆ. ಭೂಮಿಯ ತಾಪಮಾನದ ಹಳೆ ನಕ್ಷೆಯಲ್ಲಿ 1945ರ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಸುಮಾರು 0.3 ಡಿಗ್ರಿ ಕುಸಿತ ಕಾಣುತ್ತಿತ್ತು. ಭೂಮಿ ಒಮ್ಮೆಲೇ ತಣ್ಣಗಾಯಿತಾ? ಇಲ್ಲ. 2008ರಲ್ಲಿ ವಿಜ್ಞಾನಿಗಳು ಕಾರಣ ತೋರಿಸಿಕೊಟ್ಟರು. ಯುದ್ಧದ ವರ್ಷಗಳಲ್ಲಿ ಸಮುದ್ರದ ಅಳತೆಗಳು ಹೆಚ್ಚಾಗಿ ಅಮೆರಿಕದ ಹಡಗುಗಳಿಂದ ಬರುತ್ತಿದ್ದವು. ಅವರು ಇಂಜಿನ್‌ಗೆ ಎಳೆದುಕೊಳ್ಳುವ ನೀರಿನ ಬಿಸಿ ನೋಡುತ್ತಿದ್ದರು, ಅದು ಸ್ವಲ್ಪ ಹೆಚ್ಚು ತೋರಿಸುತ್ತೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಹಡಗುಗಳ ಅಳತೆ ಹೆಚ್ಚಾದವು. ಅವರು ಬಕೆಟ್ಟಿನಲ್ಲಿ ನೀರು ಎತ್ತಿ ಅಳೆಯುತ್ತಿದ್ದರು. ಬಕೆಟ್ಟು ಮೇಲೆ ಬರುವಷ್ಟರಲ್ಲಿ ಗಾಳಿಗೆ ನೀರು ತಣ್ಣಗಾಗುತ್ತೆ.

ಸಮುದ್ರ ಬದಲಾಗಿರಲಿಲ್ಲ, ಅಳೆಯುವ ಕ್ರಮ ಬದಲಾಗಿತ್ತು ಅಷ್ಟೇ. ಅದಕ್ಕೇ 1873ರಲ್ಲೇ ವಿಯೆನ್ನಾದಲ್ಲಿ ದೇಶ ದೇಶಗಳ ಹವಾಮಾನದವರು ಸೇರಿ, ಎಲ್ಲರೂ ಒಂದೇ ಕ್ರಮದಲ್ಲಿ ಅಳೆಯೋಣ ಅಂತ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದರು. ಇವತ್ತಿನ ವಿಶ್ವ ಹವಾಮಾನ ಸಂಸ್ಥೆಗೆ ಅದೇ ಬೇರು. ಮಾಪಕ ಎಲ್ಲಿರಬೇಕು, ಥರ್ಮಾಮೀಟರ್ ಎಷ್ಟು ಎತ್ತರ, ಗಾಳಿ ಎಷ್ಟು ಎತ್ತರದಲ್ಲಿ ಅಳೆಯಬೇಕು ಅನ್ನೋದಕ್ಕೆಲ್ಲ ಇವತ್ತು ನಿಯಮ ಇದೆ.

ಯಾವ ದಿನದ ಮಳೆ ಯಾವ ದಿನಕ್ಕೆ?

ಗ್ಲಾಸಿನ ತಪ್ಪು ಸರಿ ಮಾಡಿದ ಮೇಲೂ ನನ್ನ ಪುಸ್ತಕ ಮತ್ತು ಪಂಚಾಯ್ತಿ ಲೆಕ್ಕ ತಾಳೆ ಆಗಲಿಲ್ಲ. ವಾರದ ಮೊತ್ತ ಹತ್ತಿರ ಹತ್ತಿರ ಬರ್ತಿತ್ತು, ಆದರೆ ದಿನದ ಲೆಕ್ಕ ಪೂರಾ ಏರುಪೇರು. ನನ್ನಲ್ಲಿ ಮಳೆ ಇದ್ದ ದಿನ ಅಲ್ಲಿ ಸೊನ್ನೆ, ಅಲ್ಲಿ ಮಳೆ ಇದ್ದ ದಿನ ನನ್ನಲ್ಲಿ ಸೊನ್ನೆ.

ಕಾರಣ ತಾರೀಖು. ನಮ್ಮ ದೇಶದಲ್ಲಿ ಅಧಿಕೃತ ಮಳೆ ದಿನ ಅಂದರೆ ಬೆಳಿಗ್ಗೆ 8:30ರಿಂದ ಮಾರನೇ ಬೆಳಿಗ್ಗೆ 8:30. ಅಷ್ಟು ಹೊತ್ತಿನ ಮಳೆಯನ್ನು ಬರೆಯೋದು ಮುಗಿದ ದಿನದ ತಾರೀಖಿಗೆ. ಸೋಮವಾರ ಸಂಜೆ 6ಕ್ಕೆ ಗುಡುಗು ಮಳೆ ಹೊಡೀತು ಅನ್ನಿ. ಸರ್ಕಾರಿ ಪಟ್ಟಿಯಲ್ಲಿ ಅದು ಮಂಗಳವಾರದ ಮಳೆ. ನಾನು "ಸೋಮವಾರ ಬಂತಲ್ಲ" ಅಂತ ಸೋಮವಾರಕ್ಕೇ ಬರೀತಿದ್ದೆ. ಮೊಬೈಲ್ ಆ್ಯಪ್‌ಗಳಲ್ಲಿ ಹೆಚ್ಚಿನವು ರಾತ್ರಿ 12ರಿಂದ ರಾತ್ರಿ 12ರ ಲೆಕ್ಕ, ಅವೂ ಸೋಮವಾರ ಅನ್ನುತ್ತವೆ.

ಇನ್ನೂ ಒಂದು ಇದೆ. ಮುನ್ಸೂಚನೆ ಮಾಡುವ ಕಂಪ್ಯೂಟರ್ ಮಾಡೆಲ್‌ಗಳು ಓಡೋದು ಜಾಗತಿಕ ಸಮಯದಲ್ಲಿ. ಅವುಗಳ ದಿನ ಶುರುವಾಗೋದು ನಮ್ಮ ಬೆಳಿಗ್ಗೆ 5:30ಕ್ಕೆ. ಮಂಗಳವಾರ ಬೆಳಗಿನ ಜಾವ 2 ಗಂಟೆಗೆ ಮಳೆ ಬಂದರೆ ನಮಗೂ ಸರ್ಕಾರಿ ಪಟ್ಟಿಗೂ ಅದು ಮಂಗಳವಾರ, ಮಾಡೆಲ್‌ಗೆ ಇನ್ನೂ ಸೋಮವಾರ. ಒಂದೇ ಮಳೆ, ಮೂರು ಪಂಚಾಂಗ!

ಮುಂಗಾರು ಪೂರ್ವದ ಮಳೆ ಬಹಳಷ್ಟು ಸಂಜೆ ಹೊತ್ತಿಗೇ ಬರೋದು. ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ಈ ತಾರೀಖಿನ ಎಡವಟ್ಟು ಹೆಚ್ಚುಕಡಿಮೆ ಪ್ರತಿ ಮಳೆಗೂ ಆಗುತ್ತೆ. "ಆ್ಯಪ್ ಸೋಮವಾರ ಮಳೆ ಅಂತು, ಸರ್ಕಾರಿ ಪಟ್ಟಿಯಲ್ಲಿ ಸೋಮವಾರ ಸೊನ್ನೆ. ಆ್ಯಪ್ ಬೋಗಸ್" ಅಂತ ನಾನೇ ಎಷ್ಟು ಸಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೀನೋ! ಆ್ಯಪ್ ಸರಿಯಾಗೇ ಹೇಳಿತ್ತು. ನಾನು ಎರಡು ಬೇರೆ ಬೇರೆ ದಿನಗಳನ್ನು ಒಂದರ ಪಕ್ಕ ಒಂದು ಇಟ್ಟು ಜಗಳ ತೆಗೆದಿದ್ದೆ.

ಚೌಕದ ಮಳೆ, ಅಂಗಳದ ಮಳೆ

ಮೂರನೇ ಗೊಂದಲ ಜಾಗದ್ದು. ಮೊಬೈಲ್‌ನಲ್ಲಿ ನಿಮ್ಮ ಊರಿನ ಹೆಸರು ಹಾಕಿದರೆ ಮಳೆ ತೋರಿಸುತ್ತಲ್ಲ, ಅದು ನಿಮ್ಮ ಊರಲ್ಲಿ ಯಾರೋ ಅಳೆದದ್ದಲ್ಲ. ಮಾಡೆಲ್ ಭೂಮಿಯನ್ನು ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೆ ಒಂದು ಅಂಕಿ ಕೊಡುತ್ತೆ. ಚೌಕದ ಬದಿ 12 ಕಿ.ಮೀ. ಇದ್ದರೆ 144 ಚದರ ಕಿ.ಮೀ.ಗೆ ಒಂದೇ ಅಂಕಿ. 2025ರ ಮೇ ತಿಂಗಳಲ್ಲಿ ನಮ್ಮ ದೇಶ 6 ಕಿ.ಮೀ. ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಶುರು ಮಾಡಿದೆ. ಪುಣೆಯ ಸಂಸ್ಥೆಯಲ್ಲಿ ತಯಾರಾದ ಮಾಡೆಲ್ ಅದು. ಒಳ್ಳೆ ಹೆಜ್ಜೆ. ಆದರೂ 36 ಚದರ ಕಿ.ಮೀ.ಗೆ ಒಂದು ಅಂಕಿ. ಮುಂದಿನ 50 ವರ್ಷದ ಹವಾಮಾನ ಹೇಳುವ ಜಾಗತಿಕ ಮಾಡೆಲ್‌ಗಳ ಚೌಕ ಎಷ್ಟೋ ಸಲ 100 ಕಿ.ಮೀ. ಆಸುಪಾಸು. ಆ ಒಂದೇ ಚೌಕದಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯೂ ಇರಬಹುದು, ಅದರ ಕಾಲು ಭಾಗವೂ ಬಾರದ ಬಯಲೂ ಇರಬಹುದು.

ನಮ್ಮ ಮಾಪಕದ ಬಾಯಿ ಒಂದು ಊಟದ ತಟ್ಟೆಗಿಂತ ಚಿಕ್ಕದು. ಚೌಕದ ಸರಾಸರಿ 8 ಮಿ.ಮೀ., ನನ್ನ ಅಂಗಳದಲ್ಲಿ ಸೊನ್ನೆ. ಎರಡೂ ನಿಜ ಇರಬಹುದು. ಗುಡ್ಡದ ಆಚೆ ಹೊಡೆದ ಮಳೆ ಈಚೆ ಹನಿಯದಿರೋದು ಮಲೆನಾಡಿನವರಿಗೆ ಹೊಸದಾ?

ಹಾಗಾದರೆ ಮಾಡೆಲ್ ಸರಿಯೋ ತಪ್ಪೋ ಹೇಗೆ ಹೇಳೋದು? ಒಂದು ದಿನ ನೋಡಿ ಆಗಲ್ಲ. ಸುತ್ತಲಿನ ಹತ್ತಾರು ಮಾಪಕಗಳ ಲೆಕ್ಕವನ್ನು, ಒಂದೇ ಅಳತೆ, ಒಂದೇ ಸಮಯ, ಒಂದೇ ಕ್ರಮಕ್ಕೆ ತಂದು, ಇಡೀ ಹಂಗಾಮಿಗೆ ಹೋಲಿಸಬೇಕು. ವಿಜ್ಞಾನಿಗಳು ಮಾಡೋದೂ ಇದನ್ನೇ. ಅಮೆರಿಕದ ನಾಸಾ ಮತ್ತು ಅಲ್ಲಿನ ಇಂಧನ ಇಲಾಖೆಯ ವಿಜ್ಞಾನಿಗಳು ಶುರು ಮಾಡಿದ ಆಬ್ಸ್‌ಫೋರ್‌ಮಿಪ್ಸ್ ಅನ್ನೋ ಯೋಜನೆ ಇದೆ. ಉಪಗ್ರಹ ಮುಂತಾದವು ಅಳೆದ ಮಾಹಿತಿಯನ್ನು ಹವಾಮಾನ ಮಾಡೆಲ್‌ಗಳ ಫಲಿತಾಂಶ ಯಾವ ಅಚ್ಚಿನಲ್ಲಿ ಇರುತ್ತೋ ಅದೇ ಅಚ್ಚಿಗೆ ತಂದು ಇಡೋದು ಅದರ ಕೆಲಸ. ಹೆಸರು ಒಂದೇ, ಯೂನಿಟ್ ಒಂದೇ, ಸಮಯ ಬರೆಯುವ ರೀತಿ ಒಂದೇ.

ಯೂನಿಟ್ ಅಂದಾಗ ನೆನಪಾಯ್ತು. ಹವಾಮಾನ ಮಾಡೆಲ್‌ಗಳು ಮಳೆಯನ್ನು ಮಿ.ಮೀ.ನಲ್ಲಿ ಬರೆಯೋದೇ ಇಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಕೆ.ಜಿ. ನೀರು ಬಿತ್ತು ಅಂತ ಬರೀತಾವೆ. ಗಾಬರಿ ಬೇಡ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು, ಅಂದರೆ 1 ಕೆ.ಜಿ. ದಿನಕ್ಕೆ 86,400 ಸೆಕೆಂಡು. ಮಾಡೆಲ್ ಅಂಕಿಯನ್ನು 86,400ರಿಂದ ಗುಣಿಸಿದರೆ ದಿನದ ಮಿ.ಮೀ. ಸಿಗುತ್ತೆ. ಅಜ್ಜನ ಸೆಂಟು, ನನ್ನ ಮಿ.ಮೀ., ಮಾಡೆಲ್‌ನ ಕೆ.ಜಿ. ಮೂರೂ ಒಂದೇ ನೀರಿನ ಮೂರು ಭಾಷೆ. ಯಾವ ಭಾಷೆ ಅಂತ ಬರೆದಿಟ್ಟರೆ ಸಾಕು, ತರ್ಜುಮೆ ಮಾಡಬಹುದು. ಬರೆದಿಡದಿದ್ದರೆ ಮಾತ್ರ ಕಷ್ಟ.

"ಉಪಗ್ರಹ ಇದೆಯಲ್ಲ, ಇದೆಲ್ಲ ಯಾಕೆ?"

ನನ್ನ ಸ್ನೇಹಿತರೇ ಹೀಗೆ ಕೇಳ್ತಾರೆ. ಸರಿ, ಉಪಗ್ರಹ ದೊಡ್ಡ ಚಿತ್ರ ಕೊಡುತ್ತೆ, ನಿಜ. ಆದರೆ ಅದು ಮಳೆ ಅಳೆಯಲ್ಲ, ಅಂದಾಜು ಮಾಡುತ್ತೆ. ಎಷ್ಟೋ ಉಪಗ್ರಹಗಳು ಮೋಡದ ಮೇಲ್ಭಾಗ ಎಷ್ಟು ತಣ್ಣಗಿದೆ ಅಂತ ನೋಡಿ, ಎತ್ತರದ ತಣ್ಣನೆ ಮೋಡ ಇದ್ದರೆ ಜೋರು ಮಳೆ ಅಂತ ಲೆಕ್ಕ ಹಾಕ್ತಾವೆ. ಪಶ್ಚಿಮ ಘಟ್ಟದ ಮುಂಗಾರು ಬೇರೆ ಥರ. ಇಲ್ಲಿ ಗುಡ್ಡಕ್ಕೆ ತಾಗಿ ಏಳುವ, ಹೆಚ್ಚು ಎತ್ತರ ಇಲ್ಲದ ಮೋಡಗಳೇ ದಿನಗಟ್ಟಲೆ ಸುರಿಸುತ್ತವೆ. ಹಾಗಾಗಿ ಘಟ್ಟದ ಮಳೆಯನ್ನು ಉಪಗ್ರಹ ಕಡಿಮೆ ಅಂದಾಜು ಮಾಡೋದು ಸಾಮಾನ್ಯ. ಅದನ್ನು ತಿದ್ದೋದು ಯಾವುದರಿಂದ? ನೆಲದ ಮೇಲಿನ ಮಾಪಕದಿಂದಲೇ. ನೆಲದ ಲೆಕ್ಕವೇ ತಪ್ಪಿದ್ದರೆ ಆಕಾಶದ್ದನ್ನು ತಿದ್ದೋರು ಯಾರು?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. "ಸರಿ ಮಾಡ್ತೀವಿ ಅಂತ ಅಂಕಿ ತಿದ್ದೋಕೆ ಬಿಟ್ಟರೆ, ನಾಳೆ ಬೇಕಾದ ಹಾಗೆ ತಿದ್ದುತ್ತಾರೆ." ಈ ಭಯ ನ್ಯಾಯವಾದದ್ದೇ. ನಾನೇ ನನ್ನ ಪುಸ್ತಕದ ಅಂಕಿಗಳನ್ನು 1.267ರಿಂದ ಭಾಗಿಸಿದ್ದೀನಿ. ಯಾರಾದರೂ "ನೀನು ಬೇಕಂತಲೇ ತಿದ್ದಿದ್ದು" ಅಂದರೆ? ಅದಕ್ಕೇ ಹಳೆ ಅಂಕಿ ಅಳಿಸಿಲ್ಲ. ಓದಿದ ಅಂಕಿ ಒಂದು ಕಾಲಂ, ತಿದ್ದಿದ ಅಂಕಿ ಪಕ್ಕದ ಕಾಲಂ, ಯಾಕೆ ತಿದ್ದಿದೆ ಅನ್ನೋದು ಮೂರನೇ ಕಾಲಂ. ಯಾರು ಬೇಕಾದರೂ ಬಂದು ಲೆಕ್ಕ ಹಾಕಿ ನೋಡಲಿ. ಹೀಗೆ ಎಲ್ಲರೂ ನೋಡುವಂತೆ ತಿದ್ದಿದ್ದರ ಮೇಲೆ ಯಾರೂ ಬೆರಳು ತೋರಿಸೋಕಾಗಲ್ಲ. ಮೂಲ ಅಂಕಿ ಅಳಿಸಿ ತಿದ್ದಿದರೆ ಮಾತ್ರ ಅದು ಮೋಸ.

ಸರ್ಕಾರಿ ಮಾಪಕಕ್ಕೂ ಅದೇ ಮೂರು ಪ್ರಶ್ನೆ

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ನನ್ನ ತಪ್ಪು ಒಪ್ಪಿಕೊಂಡಿದ್ದೀನಿ. ಆದರೆ ಸಭೆಯಲ್ಲಿ ನನಗೆ ಕೇಳಿದ ಪ್ರಶ್ನೆಗಳನ್ನು ನಾನೂ ಕೇಳಬಹುದಲ್ಲ?

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯ ಅಲ್ಲ. 1988ರಲ್ಲೇ ಬರ ಗಮನಿಸೋಕೆ ಅಂತ ಒಂದು ಘಟಕ ಶುರುವಾಗಿ, ಅದೇ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ. ಪಂಚಾಯ್ತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆ ಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಕೇಂದ್ರ ಕೃಷಿ ಸಚಿವಾಲಯ 2023ರ ಜುಲೈನಲ್ಲಿ ವಿಂಡ್ಸ್ ಅನ್ನೋ ಯೋಜನೆ ಶುರು ಮಾಡಿ, ದೇಶದ ಎಲ್ಲ ಕಡೆ ಪಂಚಾಯ್ತಿ ಮಟ್ಟದ ಮಳೆ ಮಾಪಕ, ತಾಲ್ಲೂಕು ಮಟ್ಟದ ಹವಾಮಾನ ಕೇಂದ್ರ ಹಾಕಿ, ಎಲ್ಲ ಮಾಹಿತಿ ಒಂದೇ ಕ್ರಮದಲ್ಲಿ ಇರಬೇಕು ಅಂತ ಹೊರಟಿದೆ. ದಾರಿ ಸರಿಯಾಗೇ ಇದೆ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸು ಬೆಳೆಗಾರನ ಹಣೆಬರಹ ಬರೆಯೋದು ಮಾಪಕ. ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸಲ್ಲ, ಮಾಪಕದ ಅಂಕಿ ನೋಡಿ ಪರಿಹಾರ ತೀರ್ಮಾನ ಮಾಡ್ತಾರೆ. ಅಂಥ ಮಾಪಕಕ್ಕೆ ಒಂದು ಜಾತಕ ಬೇಡವಾ?

ಸ್ವಯಂಚಾಲಿತ ಮಾಪಕದ ಒಳಗೆ ಇರೋದು ಎರಡು ಪುಟ್ಟ ಬಟ್ಟಲಿನ ತಕ್ಕಡಿ. ಒಂದು ತುಂಬಿದರೆ ಮಗುಚಿಕೊಳ್ಳುತ್ತೆ, ಇನ್ನೊಂದು ಮೇಲೆ ಬರುತ್ತೆ. ಮಗುಚಿದ್ದನ್ನು ಎಣಿಸಿ ಮಳೆ ಲೆಕ್ಕ. ಮೇಲಿನ ಜಾಲರಿಗೆ ತರಗೆಲೆ ಸಿಕ್ಕಿದರೆ, ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದರೆ, ಲೆಕ್ಕ ಕೆಡುತ್ತೆ. ಎಲ್ಲ ಸರಿ ಇದ್ದರೂ ಮಳೆ ಬಿರುಸಾಗಿ ಸುರಿದಾಗ ಬಟ್ಟಲು ಮಗುಚುವ ಕ್ಷಣದಲ್ಲಿ ಒಂದಷ್ಟು ನೀರು ಎಣಿಕೆಗೆ ಸಿಗದೆ ಹೋಗುತ್ತೆ. ಅಂದರೆ ನಾವು ಯಾವ ದಿನದ ಬಗ್ಗೆ ಜಗಳ ಮಾಡ್ತೀವೋ, ಆ ಭಾರಿ ಮಳೆ ದಿನವೇ ಕಮ್ಮಿ ಬೀಳುವ ಸಾಧ್ಯತೆ ಹೆಚ್ಚು. ಇದು ಯಂತ್ರದ ಗುಣ, ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಕಾಲಕಾಲಕ್ಕೆ ಪರೀಕ್ಷೆ ಮಾಡಿದರೆ ಇದನ್ನು ಸರಿದೂಗಿಸಬಹುದು.

ಹಾಗಾಗಿ ನಾನು ಕೇಳೋದು ಇಷ್ಟು:

ಒಂದು, ವಿಮೆಗೆ ಬಳಸುವ ಪ್ರತಿ ಮಾಪಕದ ಜಾತಕ ಮೊಬೈಲ್‌ನಲ್ಲಿ ಸಿಗಲಿ. ಎಲ್ಲಿದೆ, ನಾಲ್ಕು ದಿಕ್ಕಿನ ಫೋಟೋ, ಯಾವಾಗ ಹಾಕಿದ್ದು, ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿದ್ದು.

ಎರಡು, ಮಾಪಕ ಕೆಟ್ಟಿದ್ದ ದಿನಗಳು ಖಾಲಿ ಅಂತಲೇ ಕಾಣಲಿ, ಸೊನ್ನೆ ಅಂತ ಅಲ್ಲ. ಮಳೆ ಬಾರದ ದಿನವೂ ಮಾಪಕ ಕೆಟ್ಟ ದಿನವೂ ಒಂದೇ ಆಗೋದು ಹೇಗೆ?

ಮೂರು, ಮಾಪಕ ಕೆಟ್ಟಾಗ ಯಾವ ಪಕ್ಕದ ಮಾಪಕದ ಲೆಕ್ಕ ತಗೊಳ್ತಾರೆ ಅನ್ನೋದು ವಿಮೆ ಕಂತು ಕಟ್ಟುವ ಮೊದಲೇ ಪಂಚಾಯ್ತಿ ಬೋರ್ಡಿನಲ್ಲಿ ಇರಲಿ.

ನಾಲ್ಕು, ರೈತರು, ಶಾಲೆಗಳು ನಿಯಮದ ಪ್ರಕಾರ ಅಳೆದ ಲೆಕ್ಕವನ್ನು ಸರ್ಕಾರಿ ಮಾಪಕ ಸರಿ ಇದೆಯಾ ಅಂತ ನೋಡೋಕಾದರೂ ಬಳಸಲಿ. ನಮ್ಮ ಲೆಕ್ಕದ ಮೇಲೇ ಪರಿಹಾರ ಕೊಡಿ ಅಂತ ನಾನು ಹೇಳ್ತಿಲ್ಲ. ಹಣದ ವಿಷಯ, ಆಸೆ ಯಾರಿಗೂ ಬರಬಹುದು. ಆದರೆ ಸುತ್ತಲಿನ ಐದು ಮನೆಯಲ್ಲಿ 80 ಮಿ.ಮೀ., ನಡುವಿನ ಮಾಪಕದಲ್ಲಿ ಸೊನ್ನೆ ಇದ್ದರೆ, ಹೋಗಿ ಮುಚ್ಚಳ ತೆಗೆದು ನೋಡೋಕೆ ಅಷ್ಟು ಸಾಕಲ್ಲ?

ಇದು ಆಗದ ಮಾತಲ್ಲ. ಅಮೆರಿಕದ ಕೊಲರಾಡೊದ ಫೋರ್ಟ್ ಕಾಲಿನ್ಸ್ ಊರಲ್ಲಿ 1997ರಲ್ಲಿ ಪ್ರವಾಹ ಬಂತು. ಊರಿನ ಒಂದು ಬದಿಗೆ ಸುರಿದಷ್ಟು ಮಳೆ ಇನ್ನೊಂದು ಬದಿಗೆ ಇರಲಿಲ್ಲ, ಇದ್ದ ಕೆಲವೇ ಮಾಪಕಗಳಿಗೆ ಅದು ಸಿಗಲಿಲ್ಲ. 1998ರಲ್ಲಿ ಅಲ್ಲಿ ಕೊಕೊರಾಸ್ ಅಂತ ಜನರದ್ದೇ ಮಳೆ ಜಾಲ ಶುರುವಾಯ್ತು. ಎಲ್ಲರದ್ದೂ 4 ಇಂಚು ಬಾಯಿಯ ಒಂದೇ ಥರದ ಮಾಪಕ, ಓದೋದು ಬೆಳಿಗ್ಗೆ 7ರ ಸುಮಾರಿಗೆ, ಮಳೆ ಇಲ್ಲದ ದಿನ ಸೊನ್ನೆಯನ್ನೂ ಕಳಿಸಬೇಕು. ಈಗ ಆ ದೇಶದ ಹವಾಮಾನ ಸೇವೆಯವರೇ ಅವರ ಲೆಕ್ಕ ಬಳಸ್ತಾರೆ. ಅಲ್ಲಿನವರು ನಮಗಿಂತ ಬುದ್ಧಿವಂತರು ಅಂತಲ್ಲ. ಎಲ್ಲರೂ ಒಂದೇ ಕ್ರಮಕ್ಕೆ ಒಪ್ಪಿದರು, ಅಷ್ಟೇ ವ್ಯತ್ಯಾಸ.

ನಾವು ಮಾಡಬೇಕಾದ್ದು

ಸರ್ಕಾರ ಮಾಡುವ ತನಕ ಕಾಯೋದು ಬೇಡ. ಈ ಹಂಗಾಮಿನಿಂದಲೇ ಶುರು ಮಾಡಿ.

1. ಮಾಪಕದ ಬಾಯಿ ಅಳೆಯಿರಿ, ಗ್ಲಾಸು ಅದರದ್ದೇನಾ ನೋಡಿ. ಬಾಯಿ 200 ಚದರ ಸೆಂ.ಮೀ. ಇದ್ದರೆ 1 ಮಿ.ಮೀ.ಗೆ 20 ಮಿ.ಲೀ., 100 ಇದ್ದರೆ 10 ಮಿ.ಲೀ. ಅನುಮಾನ ಇದ್ದರೆ ಸಿರಿಂಜಿನಲ್ಲಿ ನೀರು ಹಾಕಿ ಪರೀಕ್ಷಿಸಿ.

2. ಬಯಲಲ್ಲಿ ಇಡಿ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಸಮತಟ್ಟಾಗಿ. ಪಕ್ಕದ ಮರ, ಮನೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ. 15 ಮೀಟರ್ ಅಡಿಕೆ ಮರಕ್ಕೆ 30 ಮೀಟರ್. ಮಲೆನಾಡಲ್ಲಿ ಅಷ್ಟು ಜಾಗ ಸಿಗೋದು ಕಷ್ಟ, ಗೊತ್ತು. ಗದ್ದೆ ಬದಿ, ಕಣ ನೋಡಿ. ಆಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆದಿಡಿ. ತಾರಸಿ ಮೇಲೆ, ಹೆಂಚಿನ ನೀರು ಚಿಮ್ಮುವ ಕಡೆ ಬೇಡ.

3. ಬೆಳಿಗ್ಗೆ 8:30ಕ್ಕೆ ಓದಿ, ಓದಿದ ದಿನದ ತಾರೀಖಿಗೆ ಬರೆಯಿರಿ. ಫೋನಿನಲ್ಲಿ ಅಲಾರಂ ಇಡಿ. ಆ್ಯಪ್ ಜೊತೆ ಹೋಲಿಸುವಾಗ ಗಂಟೆವಾರು ಮಳೆಯನ್ನು ಅದೇ 8:30ರಿಂದ 8:30ಕ್ಕೆ ಕೂಡಿಸಿ.

4. ಮಳೆ ಇಲ್ಲದಿದ್ದರೆ 0, ಊರಲ್ಲಿ ಇಲ್ಲದೆ ನೋಡಲಾಗದಿದ್ದರೆ "ನೋಡಿಲ್ಲ". ಮದುವೆಗೆ ಹೋಗಿ ಎರಡು ದಿನ ಬಿಟ್ಟು ಓದಿದರೆ "2 ದಿನದ್ದು" ಅಂತ ಬರೆಯಿರಿ, ಅಂದಾಜಿನಲ್ಲಿ ಹಂಚಬೇಡಿ.

5. ಮೊದಲ ಪುಟದಲ್ಲಿ ಮಾಪಕದ ಜಾತಕ ಇರಲಿ. ಮ್ಯಾಪ್‌ನಲ್ಲಿ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತೆ, ದಶಾಂಶದ ನಂತರ ನಾಲ್ಕು ಅಂಕಿ ಸಾಕು. ನಾಲ್ಕು ದಿಕ್ಕಿನ ಫೋಟೋ ತೆಗೆದಿಡಿ. ಮಾಪಕ ಜರುಗಿಸಿದರೆ, ಗ್ಲಾಸು ಬದಲಾದರೆ, ಪಕ್ಕದ ಮರ ಕಡಿದರೆ ತಾರೀಖು ಹಾಕಿ ಬರೆಯಿರಿ.

6. ಮುನ್ಸೂಚನೆಯನ್ನೂ ಬರೆಯಿರಿ. ಹಿಂದಿನ ದಿನ ಮೇಘದೂತ್ ಅಥವಾ ನೀವು ನಂಬುವ ಆ್ಯಪ್ ಏನು ಹೇಳಿತ್ತು, ಬಂದದ್ದೆಷ್ಟು, ಎರಡು ಕಾಲಂ. 2.5 ಮಿ.ಮೀ. ಅಥವಾ ಹೆಚ್ಚಿದ್ದರೆ ಮಳೆ ದಿನ ಅಂತ ಲೆಕ್ಕ.

ಕೊನೆಯದ್ದರ ಲಾಭ ಏನು ಅಂತ ಒಂದು ಉದಾಹರಣೆ ಲೆಕ್ಕ ಹಾಕೋಣ. 30 ದಿನದಲ್ಲಿ 12 ದಿನ ಮಳೆ ಅಂತು ಆ್ಯಪ್. ಅದರಲ್ಲಿ 8 ದಿನ ಬಂತು, 4 ದಿನ ಬರಲಿಲ್ಲ. ಮಳೆ ಇಲ್ಲ ಅಂದ 18 ದಿನದಲ್ಲಿ 3 ದಿನ ಬಂತು. ಅಂದರೆ ಮಳೆ "ಇಲ್ಲ" ಅಂದಾಗ ಆರಕ್ಕೆ ಐದು ಸಲ ಮಾತು ಉಳಿಸಿಕೊಂಡಿದೆ, "ಇದೆ" ಅಂದಾಗ ಮೂರಕ್ಕೆ ಎರಡು ಸಲ. ಬೋರ್ಡೋ ದ್ರಾವಣ ಹೊಡೆಯೋಕೆ ನಮಗೆ ಬೇಕಿರೋದು ಒಣ ದಿನ. ಆ್ಯಪ್ ಯಾವ ಮಾತಿನಲ್ಲಿ ಗಟ್ಟಿ, ಯಾವುದರಲ್ಲಿ ಪೊಳ್ಳು ಅಂತ ನಿಮ್ಮ ತೋಟದ ಲೆಕ್ಕದಲ್ಲೇ ಗೊತ್ತಾದರೆ ಕೊನೆಗಾರನಿಗೆ ಫೋನ್ ಮಾಡೋಕೆ ಧೈರ್ಯ ಬರುತ್ತೆ. "ಆ್ಯಪ್ ಬೋಗಸ್" ಅಂತ ಬೈಯೋದಕ್ಕಿಂತ ಇದು ಉಪಯೋಗ.

ಕೊನೆಗೆ ಏನಾಯ್ತು?

ಗ್ಲಾಸಿನ ತಪ್ಪು ತಿದ್ದಿ, ತಾರೀಖು ಜರುಗಿಸಿ ನೋಡಿದಾಗ ಪಂಚಾಯ್ತಿ ಲೆಕ್ಕದ ಜೊತೆಗಿನ ನನ್ನ ಜಗಳದಲ್ಲಿ ಬಹುಪಾಲು ಕರಗಿ ಹೋಯ್ತು. ಮುಂದಿನ ಸಭೆಯಲ್ಲಿ ಎದ್ದು ನಿಂತು "ಹೋದ ಸಲ ನಾನು ಹೇಳಿದ್ದು ತಪ್ಪು" ಅಂದೆ. ಸುಲಭ ಇರಲಿಲ್ಲ. ಚಪ್ಪಾಳೆ ತಟ್ಟಿದವರೇ ಮುಖ ತಿರುಗಿಸಿದರು.

ಆದರೆ ಎಲ್ಲವೂ ಕರಗಲಿಲ್ಲ. ಕೆಲವು ದಿನ ಉಳಿದವು. ಎಷ್ಟು ತಿದ್ದಿದರೂ ನಮ್ಮ ಗುಡ್ಡದ ಬದಿ ಜೋರು ಮಳೆ, ಮಾಪಕದಲ್ಲಿ ಏನೂ ಇಲ್ಲ. ಆ ದಿನಗಳಷ್ಟನ್ನೇ ಬರೆದು, ಮಾಪಕದ ಜಾತಕ ಸಮೇತ ಅರ್ಜಿ ಕೊಟ್ಟೆವು. ಪರಿಹಾರ ಬಂತಾ? ಇಲ್ಲ. ನಿಯಮದಲ್ಲಿ ನಮ್ಮ ಲೆಕ್ಕಕ್ಕೆ ಜಾಗ ಇಲ್ಲ. ಆದರೆ ಈ ಸಲ ಯಾರೂ ನಗಲಿಲ್ಲ. ಅದೇ ಅಧಿಕಾರಿ ಪುಸ್ತಕದ ಜೆರಾಕ್ಸ್ ತಗೊಂಡು ಹೋದರು. ಮೂರು ಪ್ರಶ್ನೆಗೂ ಉತ್ತರ ಮೊದಲ ಪುಟದಲ್ಲೇ ಇತ್ತು.

ಈಗ ನಮ್ಮೂರಲ್ಲಿ ಐದು ಮನೆಯಲ್ಲಿ ಒಂದೇ ಥರದ ಮಾಪಕ ಇದೆ. ಬೆಳಿಗ್ಗೆ 8:30 ದಾಟಿದ ಮೇಲೆ ಗ್ರೂಪಿನಲ್ಲಿ ಐದು ಅಂಕಿ ಬೀಳುತ್ತವೆ. ಮೊದಲಿನ ಹಾಗೆ "ಅಬ್ಬಾ ಎಂಥಾ ಮಳೆ ಮಾರಾಯ್ರೇ" ಅನ್ನೋ ಮೆಸೇಜುಗಳೂ ಇವೆ, ಅವು ಇರಲಿ. ನಿಯಮ ಬದಲಾಗಬೇಕು ಅಂತ ನಾವು ಕೇಳ್ತಾ ಇರ್ತೀವಿ. ಆ ನಿಯಮ ಬರುವ ದಿನ ನಮ್ಮ ಕೈಯಲ್ಲಿ ಹತ್ತು ವರ್ಷದ ನಂಬುವಂಥ ಲೆಕ್ಕ ಇರಬೇಕು.

ನಿಮ್ಮ ಮಾಪಕದ ಬಾಯಿ ಎಷ್ಟು ಅಗಲ? ಇವತ್ತು ಸಂಜೆಯೇ ಒಮ್ಮೆ ಸ್ಕೇಲು ಹಿಡಿದು ನೋಡಿ.